ತಾಯಂದಿರು ಬಾಯಿಬಿಟ್ಟು ಹೇಳದ ತೊಂದರೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುವುದುಂಟು. ಆ ಮರುಹುಟ್ಟನ್ನು ದಾಟಿ ಬಂದ ತಾಯಿಗೆ ಕನ್ನಡನಾಡಿನ ಮನೆಗಳಲ್ಲಿ ನಡೆಯುವ ಉಪಚಾರವೇನೂ ಕಡಮೆಯದಲ್ಲ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಹೊಟ್ಟೆಗೆ ಸುತ್ತುವ ಹಳೆಯ ಸೀರೆ, ಒಂದೊಂದನ್ನೂ ಅಮ್ಮನೋ ಅತ್ತೆಯೋ ಅಜ್ಜಿಯೋ ನೆನಪಿಟ್ಟುಕೊಂಡು ಮಾಡಿಸುತ್ತಾರೆ. ಮಗುವಿಗೆ ಹಾಲು ಸಾಕಾಯಿತೇ, ಬಾಣಂತಿಗೆ ನಿದ್ದೆ ಬಂದಿತೇ, ಬೆನ್ನು ನೋಯುತ್ತಿದೆಯೇ ಎಂದು ದಿನಕ್ಕೆ ಹತ್ತು ಸಲ ವಿಚಾರಿಸುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾರೂ ಕೇಳದೆ ಇರುವುದರಿಂದ ಆಕೆಯೂ ಹೇಳುವುದಿಲ್ಲ. ಕೆಮ್ಮಿದಾಗ, ಸೀನಿದಾಗ, ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡಾಗ, ಮನಸಾರೆ ನಕ್ಕಾಗ ತಡೆಯಲಾಗದೆ ನಾಲ್ಕು ಹನಿ ಮೂತ್ರ ಹೊರಬಿದ್ದು ಉಟ್ಟ ಬಟ್ಟೆ ಒದ್ದೆಯಾಗುತ್ತದೆ ಎಂಬ ಸಂಗತಿ ಅವಳೊಬ್ಬಳಲ್ಲಿಯೇ ಉಳಿದುಬಿಡುತ್ತದೆ.

ತನ್ನೊಬ್ಬಳಿಗೇ ಹೀಗಾಗಿದೆ ಎಂದು ಆಕೆ ತಿಳಿದಿರಬಹುದು. ನಿಜಸ್ಥಿತಿ ಹಾಗಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆರಿಗೆಯಾದ ತಾಯಂದಿರಲ್ಲಿ ಸುಮಾರು ಮೂವರಿಗೊಬ್ಬರಂತೆ ಈ ತೊಂದರೆ ಕಂಡುಬಂದಿದೆ. ಪ್ರಾಣಕ್ಕೆ ಅಪಾಯ ತರುವ ವ್ಯಾಧಿ ಇದಲ್ಲವಾದರೂ ಬದುಕನ್ನು ಇದು ಸದ್ದಿಲ್ಲದೆ ಕಿರಿದು ಮಾಡುತ್ತದೆ. ಮದುವೆಮನೆಗೆ ಹೋಗುವ ಮುಂಚೆ ಛತ್ರದಲ್ಲಿ ಶೌಚಾಲಯ ಎಲ್ಲಿದೆಯೋ ಎಂಬ ಚಿಂತೆ ಹತ್ತುತ್ತದೆ. ದೂರದ ಬಸ್ಸಿನ ಪ್ರಯಾಣ ನಿಲ್ಲುತ್ತದೆ. ದೇವರ ಪೂಜೆಗೆ ಕುಳಿತರೆ ಮೈಲಿಗೆಯಾದೀತೆಂಬ ಅಳುಕು. ಕಚೇರಿಯಲ್ಲಿ ಪಕ್ಕದವರಿಗೆ ವಾಸನೆ ತಿಳಿದೀತೆಂಬ ಅಂಜಿಕೆ. ಗಂಡನಿಗೂ ಕಾರಣವನ್ನು ಹೇಳಲಾರದೆ ದೂರ ಸರಿಯುವವರು ಉಂಟು. ಇಷ್ಟೆಲ್ಲ ಸಹಿಸಿಕೊಂಡು, ‘ಮಕ್ಕಳನ್ನು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಈ ತೊಂದರೆ ಸಾಮಾನ್ಯವೆಂಬುದು ನಿಜ. ಆದರೆ ಸಾಮಾನ್ಯವಾಗಿರುವುದೆಲ್ಲ ಅನುಭವಿಸಿಯೇ ತೀರಬೇಕಾದದ್ದಲ್ಲ. ಇದಕ್ಕೆ ಕಾರಣ ತಿಳಿದಿದೆ, ಚಿಕಿತ್ಸೆಯೂ ಇದೆ, ಆ ಚಿಕಿತ್ಸೆಯ ಮುಖ್ಯ ಭಾಗಕ್ಕೆ ಔಷಧಿಯೂ ಬೇಡ, ಕತ್ತರಿಯೂ ಬೇಡ.

ತಳವಿಲ್ಲದ ಬಟ್ಟಲು

ಸೊಂಟದ ಎಲುಬುಗಳು ಕೂಡಿಕೊಂಡು ಒಂದು ಬಟ್ಟಲಿನ ಆಕಾರವನ್ನು ತಾಳಿವೆ. ಆದರೆ ಈ ಬಟ್ಟಲಿಗೆ ಎಲುಬಿನ ತಳವಿಲ್ಲ. ಮುಂದಿನ ಎಲುಬಿನಿಂದ ಹಿಂದೆ ಬೆನ್ನೆಲುಬಿನ ತುದಿಯವರೆಗೆ, ಮಗುವಿಗೆ ಕಟ್ಟುವ ಜೋಲಿಯಂತೆ ಹರಡಿಕೊಂಡಿರುವ ಸ್ನಾಯುಗಳೇ ಅದರ ತಳ. ವೈದ್ಯರು ಪೆಲ್ವಿಕ್ ಫ್ಲೋರ್ ಎಂದು ಕರೆಯುವ ಈ ಭಾಗವನ್ನು ಕನ್ನಡದಲ್ಲಿ ಶ್ರೋಣಿತಳ ಎನ್ನಬಹುದು. ಮೂತ್ರಕೋಶ, ಗರ್ಭಕೋಶ, ಮಲಾಶಯ ಈ ಮೂರಕ್ಕೂ ಇದೇ ಆಸರೆ. ಮೂತ್ರನಾಳ, ಯೋನಿ, ಗುದ ಈ ಮೂರೂ ಈ ಸ್ನಾಯುಗಳ ನಡುವೆಯೇ ಹಾದು ಹೊರಕ್ಕೆ ತೆರೆಯುತ್ತವೆ.

ಮೂತ್ರಕೋಶವೆಂಬುದು ಹಿಗ್ಗುವ ಚೀಲ. ಅದರಲ್ಲಿ ೧೫೦ರಿಂದ ೨೦೦ ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ಮಿದುಳಿಗೆ ಮುಟ್ಟುತ್ತದೆ. ೪೦೦ರಿಂದ ೫೦೦ ಮಿಲಿಲೀಟರ್‌ವರೆಗೂ ಅದು ತಾಳಿಕೊಳ್ಳಬಲ್ಲದು. ಚೀಲದ ಬಾಯಿಯಿಂದ ಹೊರಡುವ ನಾಳ ಸ್ತ್ರೀಯರಲ್ಲಿ ಸುಮಾರು ೪ ಸೆಂಟಿಮೀಟರ್ ಮಾತ್ರ ಉದ್ದವಿರುತ್ತದೆ. ಕೆಮ್ಮಿದಾಗ ಅಥವಾ ಸೀನಿದಾಗ ಹೊಟ್ಟೆಯೊಳಗಿನ ಒತ್ತಡ ಥಟ್ಟನೆ ಏರಿ ಮೂತ್ರಕೋಶವನ್ನು ಕೆಳಕ್ಕೆ ಅದುಮುತ್ತದೆ. ಅದೇ ಗಳಿಗೆಯಲ್ಲಿ ಶ್ರೋಣಿತಳದ ಸ್ನಾಯುಗಳು ಬಿಗಿದು ನಾಳವನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತವೆ. ನೀರು ಹರಿಯುವ ರಬ್ಬರಿನ ಕೊಳವೆಯನ್ನು ಗಟ್ಟಿ ನೆಲದ ಮೇಲಿಟ್ಟು ಕಾಲಿನಿಂದ ಒತ್ತಿದರೆ ನೀರು ನಿಲ್ಲುತ್ತದೆ; ಅದೇ ಕೊಳವೆಯನ್ನು ಕೆಸರಿನ ಮೇಲಿಟ್ಟು ಒತ್ತಿದರೆ ಕೊಳವೆ ಹೂತುಕೊಳ್ಳುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಹೆರಿಗೆಯ ಅನಂತರ ಹಲವು ತಾಯಂದಿರಲ್ಲಿ ಆಗುವುದು ಇಷ್ಟೇ. ಮೂತ್ರಕೋಶಕ್ಕೆ ಯಾವ ರೋಗವೂ ಇರುವುದಿಲ್ಲ. ಅದರ ಕೆಳಗಿನ ನೆಲ ಸಡಿಲಗೊಂಡಿರುತ್ತದೆ.

ಸಡಿಲವಾಗುವುದೇಕೆ?

ಶ್ರೋಣಿತಳದ ಮೇಲಿನ ಭಾರ ಹೆರಿಗೆಯ ದಿನಕ್ಕೆ ಮೊದಲೇ ಆರಂಭವಾಗುತ್ತದೆ. ಒಂಬತ್ತು ತಿಂಗಳ ಕಾಲ ಬೆಳೆಯುವ ಗರ್ಭದ ತೂಕವೆಲ್ಲ ಈ ಜೋಲಿಯ ಮೇಲೆಯೇ ಬೀಳುತ್ತದೆ. ಬಸಿರಿನಲ್ಲಿ ಉಂಟಾಗುವ ಹಾರ್ಮೋನುಗಳು ಹೆರಿಗೆಗೆ ಅನುಕೂಲವಾಗಲೆಂದು ಕಟ್ಟುಗಳನ್ನು ಮೆದುಮಾಡುತ್ತವೆ. ಮಗುವಿನ ತಲೆ ಹಾದುಬರುವಾಗ ಈ ಸ್ನಾಯುಗಳು ಹಿಗ್ಗುವ ಪ್ರಮಾಣವಂತೂ ಅಚ್ಚರಿ ಹುಟ್ಟಿಸುವಂಥದು. ೨೦೦೪ರಲ್ಲಿ ಅಮೆರಿಕದ ತಜ್ಞರು ಕಂಪ್ಯೂಟರಿನಲ್ಲಿ ರಚಿಸಿದ ಮಾದರಿಯೊಂದರ ಪ್ರಕಾರ, ಅತ್ಯಂತ ಒಳಬದಿಯ ಸ್ನಾಯುವಿನ ಎಳೆ ತನ್ನ ಉದ್ದದ ಮೂರು ಪಟ್ಟಿಗೂ ಮೀರಿ ಹಿಗ್ಗಬೇಕಾಗುತ್ತದೆ. ಇಷ್ಟು ಹಿಗ್ಗಿದ ಮೇಲೂ ಬಹುಪಾಲು ತಾಯಂದಿರಲ್ಲಿ ಅದು ಮತ್ತೆ ಚೇತರಿಸಿಕೊಳ್ಳುವುದೇ ವಿಶೇಷ. ಕೆಲವರಲ್ಲಿ ಎಳೆಗಳು ಹರಿಯುತ್ತವೆ. ಇನ್ನು ಕೆಲವರಲ್ಲಿ ಸ್ನಾಯುವಿಗೆ ಆಜ್ಞೆ ತಲಪಿಸುವ ನರ ಜಗ್ಗಿ ಬಲಗುಂದುತ್ತದೆ. ಬಹಳ ಹೊತ್ತು ಮುಕ್ಕಿರಿಯಬೇಕಾದ ಹೆರಿಗೆ, ಫೋರ್ಸೆಪ್ಸ್ ಚಿಮಟ ಹಾಕಿ ಎಳೆದ ಹೆರಿಗೆ, ೪ ಕಿಲೋಗ್ರಾಂ ಮೀರಿದ ದೊಡ್ಡ ಮಗು, ತಾಯಿಯ ಹೆಚ್ಚಿದ ವಯಸ್ಸು ಮತ್ತು ಮೈತೂಕ, ಬಿಡದ ಕೆಮ್ಮು, ಮಲಬದ್ಧತೆ ಇವೆಲ್ಲ ತೊಂದರೆಯ ಸಂಭವವನ್ನು ಹೆಚ್ಚಿಸುತ್ತವೆ.

ಹಾಗಾದರೆ ಹೊಟ್ಟೆ ಕುಯ್ದು ಮಗುವನ್ನು ತೆಗೆಸಿಕೊಂಡರೆ ಈ ಪೀಡೆಯಿಲ್ಲವೇ ಎಂದು ಕೇಳುವವರುಂಟು. ನಾರ್ವೆ ದೇಶದಲ್ಲಿ ೧೫,೦೦೦ಕ್ಕೂ ಹೆಚ್ಚು ಸ್ತ್ರೀಯರನ್ನು ಕುರಿತು ನಡೆದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಹೇಳಿದೆ. ಸಹಜ ಹೆರಿಗೆಯಾದವರಲ್ಲಿ ನೂರಕ್ಕೆ ೨೧ ಮಂದಿಗೆ ಮೂತ್ರ ಸೋರುವ ತೊಂದರೆಯಿತ್ತು. ಸಿಜೇರಿಯನ್ ಆದವರಲ್ಲಿ ನೂರಕ್ಕೆ ಸುಮಾರು ೧೬. ಒಂದೂ ಮಗುವನ್ನು ಹೆರದವರಲ್ಲಿಯೂ ನೂರಕ್ಕೆ ೧೦. ಶಸ್ತ್ರಕ್ರಿಯೆಯಿಂದ ಸಂಭವ ಸ್ವಲ್ಪ ಕಡಮೆಯಾಗುವುದು ನಿಜವಾದರೂ ಪೂರ್ತಿಯಾಗಿ ತಪ್ಪುವುದಿಲ್ಲ. ಕೇವಲ ಈ ಭಯದಿಂದ ಅಗತ್ಯವಿಲ್ಲದ ಶಸ್ತ್ರಕ್ರಿಯೆಯನ್ನು ಬೇಡುವುದು ವಿವೇಕವೆನಿಸದು.

ಎಲ್ಲ ಸೋರಿಕೆಯೂ ಒಂದೇ ಅಲ್ಲ

ಚಿಕಿತ್ಸೆಗೆ ಮುಂಚೆ ಸೋರಿಕೆ ಯಾವ ಬಗೆಯದೆಂದು ತಿಳಿಯಬೇಕು. ಕೆಮ್ಮು, ಸೀನು, ನಗು, ಭಾರ ಎತ್ತುವಿಕೆ ಇವುಗಳ ಜೊತೆಯಲ್ಲಿಯೇ ಹನಿಯುವುದು ಮೊದಲನೆಯ ಬಗೆ. ಇದನ್ನು ಒತ್ತಡದ ಸೋರಿಕೆ ಎನ್ನುತ್ತಾರೆ. ಇಲ್ಲಿ ಒತ್ತಡವೆಂದರೆ ಮನಸ್ಸಿನದಲ್ಲ, ಹೊಟ್ಟೆಯೊಳಗಿನದು. ಹೆರಿಗೆಯ ಅನಂತರ ಹೆಚ್ಚಾಗಿ ಕಾಣುವುದು ಇದೇ. ಎರಡನೆಯದು ಅವಸರದ ಸೋರಿಕೆ. ಇದ್ದಕ್ಕಿದ್ದಂತೆ ತಡೆಯಲಾರದ ಅವಸರ ಹುಟ್ಟಿ, ಬಚ್ಚಲಿನ ಬಾಗಿಲು ಮುಟ್ಟುವುದರೊಳಗೆ ಬಟ್ಟೆ ಒದ್ದೆಯಾಗುತ್ತದೆ. ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿದರೂ ಕೆಲವರಿಗೆ ಹೀಗಾಗುವುದುಂಟು. ಇಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಎರಡೂ ಬೆರೆತಿರುವುದು ಮೂರನೆಯ ಬಗೆ.

ಇನ್ನೊಂದು ಸ್ಥಿತಿ ಹೆರಿಗೆಯಾದ ಮೊದಲ ಒಂದೆರಡು ದಿನಗಳಲ್ಲಿ ಗಮನಿಸಬೇಕಾದದ್ದು. ನೋವು, ಬಾವು ಅಥವಾ ಬೆನ್ನಿಗೆ ಕೊಟ್ಟ ಅರಿವಳಿಕೆಯ ಪ್ರಭಾವದಿಂದ ಮೂತ್ರಕೋಶ ತುಂಬಿದರೂ ತಾಯಿಗೆ ತಿಳಿಯದೆ ಹೋಗಬಹುದು. ತುಂಬಿದ ಕೊಡ ತುಳುಕುವಂತೆ ಹನಿಹನಿಯಾಗಿ ಸೋರುತ್ತಿದ್ದು, ಸರಾಗವಾಗಿ ಮೂತ್ರ ಹೋಗದಿದ್ದರೆ ಅದನ್ನು ಕೂಡಲೇ ದಾದಿಗೆ ಹೇಳಬೇಕು. ಅತಿಯಾಗಿ ಹಿಗ್ಗಿದ ಮೂತ್ರಕೋಶ ತನ್ನ ಶಕ್ತಿಯನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ.

ಡಾಕ್ಟರ್ ಕೆಗೆಲ್ ಕಂಡುಕೊಂಡ ದಾರಿ

ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ತಜ್ಞರಿದ್ದರು. ಕೈಕಾಲಿನ ಸ್ನಾಯು ಬಲಗುಂದಿದರೆ ವ್ಯಾಯಾಮದಿಂದ ಅದನ್ನು ಬಲಪಡಿಸುವಂತೆ, ಹೆರಿಗೆಯಿಂದ ಬಳಲಿದ ಶ್ರೋಣಿತಳವನ್ನೂ ಏಕೆ ಬಲಪಡಿಸಬಾರದು ಎಂಬುದು ಅವರ ವಿಚಾರ. ಆದರೆ ಕಣ್ಣಿಗೆ ಕಾಣದ ಸ್ನಾಯುವಿಗೆ ವ್ಯಾಯಾಮ ಹೇಳಿಕೊಡುವುದು ಹೇಗೆ? ಇದಕ್ಕಾಗಿ ಅವರು ಪೆರಿನಿಯೋಮೀಟರ್ ಎಂಬ ಉಪಕರಣವನ್ನು ರಚಿಸಿದರು. ರೋಗಿ ಸ್ನಾಯುವನ್ನು ಬಿಗಿಹಿಡಿದಾಗ ಅದರ ಮುಳ್ಳು ಮೇಲೇರುತ್ತಿತ್ತು. ತನ್ನ ಪ್ರಯತ್ನ ಸರಿಯೋ ತಪ್ಪೋ ಎಂಬುದನ್ನು ಆಕೆ ಕಣ್ಣಾರೆ ಕಾಣುತ್ತಿದ್ದಳು. ೧೯೪೮ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಈ ವ್ಯಾಯಾಮ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಭಾರತದ ಹಠಯೋಗದ ಗ್ರಂಥಗಳಲ್ಲಿ ಬರುವ ಮೂಲಬಂಧ, ಅಶ್ವಿನೀಮುದ್ರೆಗಳಲ್ಲಿಯೂ ಇದೇ ಭಾಗವನ್ನು ಸಂಕೋಚಗೊಳಿಸುವ ಅಭ್ಯಾಸವಿದೆ. ಅದರ ಉದ್ದೇಶ ಬೇರೆಯಾದರೂ, ಈ ಸ್ನಾಯುಗಳನ್ನು ಮನಸ್ಸಿನ ಹಿಡಿತಕ್ಕೆ ತರಬಹುದೆಂಬ ಅರಿವು ಇಲ್ಲಿ ಹಿಂದೆಯೇ ಇದ್ದಿತು.

ಫಲ ಎಷ್ಟೆಂಬುದನ್ನು ಈಚಿನ ಪರೀಕ್ಷೆಗಳು ತೂಗಿ ನೋಡಿವೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ ೨೦೧೮ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಒತ್ತಡದ ಸೋರಿಕೆಯಿದ್ದು ವ್ಯಾಯಾಮ ಮಾಡಿದವರ ಪೈಕಿ ನೂರಕ್ಕೆ ೫೬ ಮಂದಿ ತಮಗೆ ಪೂರ್ತಿ ಗುಣವಾಯಿತೆಂದು ಹೇಳಿದರು. ಚಿಕಿತ್ಸೆಯಿಲ್ಲದೆ ಉಳಿದವರಲ್ಲಿ ಹಾಗೆ ಹೇಳಿದವರು ನೂರಕ್ಕೆ ೬ ಮಂದಿ ಮಾತ್ರ. ಮೊದಲೇ ತೊಂದರೆಯಿಲ್ಲದ ಗರ್ಭಿಣಿಯರು ಬಸಿರಿನ ಆರಂಭದಿಂದ ಈ ಅಭ್ಯಾಸವನ್ನು ಇಟ್ಟುಕೊಂಡರೆ, ಹೆರಿಗೆಯಾದ ಮೂರರಿಂದ ಆರು ತಿಂಗಳಲ್ಲಿ ಸೋರಿಕೆಯ ಸಂಭವ ನೂರಕ್ಕೆ ಸುಮಾರು ೨೯ರಷ್ಟು ಕಡಮೆಯಾಗುವುದೂ ಕಂಡುಬಂದಿದೆ.

ಆದರೆ ಒಂದು ಎಚ್ಚರಿಕೆ. ಬರಿಯ ಬಾಯಿಮಾತಿನಲ್ಲಿ ವ್ಯಾಯಾಮವನ್ನು ವಿವರಿಸಿ, ಸ್ತ್ರೀಯರು ಅದನ್ನು ಹೇಗೆ ಮಾಡುತ್ತಾರೆಂದು ಅಮೆರಿಕದಲ್ಲಿ ೧೯೯೧ರಲ್ಲಿ ಪರೀಕ್ಷಿಸಿದರು. ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು ಮಂದಿ. ನಾಲ್ವರಲ್ಲಿ ಒಬ್ಬರು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು. ಇದರಿಂದ ಸೋರಿಕೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ‘ವ್ಯಾಯಾಮ ಮಾಡಿದೆ, ಫಲ ಸಿಗಲಿಲ್ಲ’ ಎನ್ನುವವರಲ್ಲಿ ಹಲವರ ಕಥೆ ಇದೇ ಇರಬಹುದು. ಆದುದರಿಂದ ಒಮ್ಮೆಯಾದರೂ ಸ್ತ್ರೀರೋಗ ತಜ್ಞೆಯ ಅಥವಾ ಈ ವಿಷಯವನ್ನು ಬಲ್ಲ ಫಿಸಿಯೋಥೆರಪಿಸ್ಟರ ಮುಂದೆ ಮಾಡಿ ತೋರಿಸಿ, ಸರಿಯೇ ಎಂದು ಖಚಿತ ಮಾಡಿಕೊಳ್ಳುವುದು ಮೇಲು. ಫ್ರಾನ್ಸ್ ದೇಶದಲ್ಲಿ ಹೆರಿಗೆಯ ಅನಂತರ ತಾಯಂದಿರಿಗೆ ಸೂಲಗಿತ್ತಿಯರಿಂದಲೋ ಫಿಸಿಯೋಥೆರಪಿಸ್ಟರಿಂದಲೋ ಇಂಥ ತರಬೇತಿ ದೊರಕುತ್ತದೆ. ಅದರ ವೆಚ್ಚವನ್ನು ಸರ್ಕಾರದ ವಿಮೆಯೇ ಭರಿಸುತ್ತದೆ.

ಮಾಡುವ ಕ್ರಮ

ಮೊದಲು ಮೂತ್ರವಿಸರ್ಜನೆ ಮಾಡಿ ಬಂದು, ಅಂಗಾತ ಮಲಗಿ ಮೊಣಕಾಲುಗಳನ್ನು ಮಡಿಸಿಕೊಳ್ಳಬೇಕು. ನಾಲ್ಕು ಜನರ ನಡುವೆ ಅಪಾನವಾಯುವನ್ನು ತಡೆಯಬೇಕಾದಾಗ ಹೇಗೆ ಬಿಗಿಹಿಡಿಯುತ್ತಾರೋ ಹಾಗೆ ಗುದದ ಸುತ್ತಲಿನ ಸ್ನಾಯುವನ್ನು ಬಿಗಿದು, ಆ ಬಿಗಿಯನ್ನು ಮುಂದೆ ಮೂತ್ರದ್ವಾರದವರೆಗೂ ತಂದು, ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳಬೇಕು. ಹೊಟ್ಟೆಯನ್ನು ಕಲ್ಲಿನಂತೆ ಬಿಗಿಯಬಾರದು. ತೊಡೆಗಳನ್ನೂ ಪೃಷ್ಠವನ್ನೂ ಹಿಂಡಬಾರದು. ಉಸಿರನ್ನು ಕಟ್ಟಬಾರದು, ಎಂದಿನಂತೆ ಆಡುತ್ತಿರಬೇಕು. ಹೊರಗಿನಿಂದ ನೋಡುವವರಿಗೆ ಏನೂ ನಡೆದಂತೆ ಕಾಣಬಾರದು.

ಆರಂಭದಲ್ಲಿ ಮೂರೋ ನಾಲ್ಕೋ ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಸಡಿಲಬಿಡಬೇಕು. ಸಡಿಲಬಿಡುವುದೂ ವ್ಯಾಯಾಮದ ಭಾಗವೇ. ಹೀಗೆ ಎಂಟರಿಂದ ಹತ್ತು ಸಲ. ಅನಂತರ ಒಂದೊಂದೇ ಸೆಕೆಂಡಿಗೆ ಬೇಗಬೇಗ ಬಿಗಿದು ಬಿಡುವುದು ಹತ್ತು ಸಲ. ನಿಧಾನವಾದ ಹಿಡಿತ ತಾಳಿಕೆಯನ್ನು ಕೊಡುತ್ತದೆ. ಬೇಗನೆಯ ಹಿಡಿತ ಕೆಮ್ಮು ಸೀನುಗಳನ್ನು ಎದುರಿಸಲು ಬೇಕು. ದಿನಕ್ಕೆ ಮೂರು ಸಲ ಇದನ್ನು ಮಾಡುತ್ತ, ವಾರ ಕಳೆದಂತೆ ಹಿಡಿತವನ್ನು ಹತ್ತು ಸೆಕೆಂಡಿನವರೆಗೆ ಏರಿಸಬೇಕು. ಅಭ್ಯಾಸವಾದ ಮೇಲೆ ಕುಳಿತು, ಆಮೇಲೆ ನಿಂತು ಮಾಡಬಹುದು. ಮಗುವಿಗೆ ಹಾಲೂಡುವ ಹೊತ್ತಿಗೆ ಇದನ್ನು ಗಂಟುಹಾಕಿಕೊಂಡರೆ ಮರೆತುಹೋಗುವ ಭಯವಿಲ್ಲ.

ಸೀನು ಬರುವ ಸೂಚನೆ ಸಿಕ್ಕೊಡನೆ, ಮಗುವನ್ನು ಎತ್ತಲು ಬಗ್ಗುವ ಮುಂಚೆ, ಸ್ನಾಯುವನ್ನು ಬಿಗಿದುಕೊಂಡು ಅನಂತರವೇ ಸೀನುವ, ಎತ್ತುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಈ ಸಣ್ಣ ಉಪಾಯ ಒಂದರಿಂದಲೇ ಹಲವರಿಗೆ ಸೋರಿಕೆ ಕಡಮೆಯಾಗಿರುವುದುಂಟು.

ತೊಡಕಿಲ್ಲದ ಹೆರಿಗೆಯಾಗಿದ್ದರೆ ಕೆಲವೇ ದಿನಗಳಲ್ಲಿ, ನೋವಾಗದಷ್ಟು ಮೆಲ್ಲಗೆ ಇದನ್ನು ಆರಂಭಿಸಬಹುದು. ಮೂತ್ರಕ್ಕೆ ನಳಿಕೆ ಹಾಕಿದ್ದರೆ ಅದನ್ನು ತೆಗೆದು ಮೂತ್ರ ಸರಾಗವಾಗಿ ಹೋಗುವವರೆಗೆ ಕಾಯಬೇಕು. ಆಳವಾಗಿ ಹರಿದು ಹೊಲಿಗೆ ಬಿದ್ದಿದ್ದರೆ ವೈದ್ಯರನ್ನು ಕೇಳಿ ತೊಡಗಬೇಕು. ಮೂತ್ರ ಮಾಡುವಾಗ ನಡುವೆ ತಡೆದು ನಿಲ್ಲಿಸುವುದನ್ನೇ ದಿನದ ವ್ಯಾಯಾಮವಾಗಿ ಮಾಡಿಕೊಳ್ಳಬಾರದು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯಬಹುದು. ಬಿಗಿಹಿಡಿದಾಗ ನೋವು ಕಾಣಿಸಿದರೆ ಬಲವಂತದಿಂದ ಮುಂದುವರಿಸದೆ ತಜ್ಞರಿಗೆ ತೋರಿಸಬೇಕು. ಕೆಲವರಲ್ಲಿ ಈ ಸ್ನಾಯುಗಳು ಸಡಿಲವಾಗುವ ಬದಲು ಬಿಗಿದುಕೊಂಡಿರುತ್ತವೆ. ಅಂಥವರಿಗೆ ಸಡಿಲಿಸುವ ಅಭ್ಯಾಸ ಬೇಕಾಗುತ್ತದೆ.

ಒಂದು ವಾರ ಮಾಡಿ ಫಲ ಕಾಣದೆಂದು ಬಿಟ್ಟುಬಿಡುವವರೇ ಬಹಳ. ಸ್ನಾಯು ಬಲಗೊಳ್ಳಲು ಕಾಲ ಬೇಕು. ಕಡಮೆಯೆಂದರೆ ಮೂರು ತಿಂಗಳು ದಿನ ತಪ್ಪದೆ ಮಾಡಿದ ಮೇಲೆಯೇ ಫಲಾಫಲಗಳನ್ನು ನಿರ್ಣಯಿಸಬೇಕು.

ಬಾಣಂತನದ ನೀರು, ಮನೆಯ ಕಾಫಿ

ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬ ಪದ್ಧತಿ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಸೋರಿಕೆಗೆ ಹೆದರಿ ತಾಯಿ ತಾನಾಗಿಯೇ ನೀರು ಬಿಡುವುದೂ ಉಂಟು. ಎರಡೂ ತಪ್ಪು. ನೀರು ಕಡಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ, ಸೋಂಕು ತಗಲುವ ಸಂಭವವೂ ಉಂಟು. ಮಲ ಗಟ್ಟಿಯಾಗಿ ಮುಕ್ಕಿರಿಯಬೇಕಾದಾಗ ದಣಿದ ಶ್ರೋಣಿತಳದ ಮೇಲೆ ಮತ್ತಷ್ಟು ಭಾರ ಬೀಳುತ್ತದೆ. ಹಾಲೂಡುವ ತಾಯಿ ಬಾಯಾರಿಕೆಯನ್ನು ತಡೆಯದೆ ನೀರು ಕುಡಿಯಬೇಕು. ಸೊಪ್ಪು, ತರಕಾರಿ, ಹಣ್ಣು ತಿನ್ನಬೇಕು. ಮಿತಿ ಬೇಕಾದದ್ದು ಕಾಫಿ ಟೀಗಳಿಗೆ. ದಿನಕ್ಕೆ ನಾಲ್ಕು ಲೋಟ ಕಾಫಿಯ ಅಭ್ಯಾಸವಿರುವವರು ಅದನ್ನು ಒಂದೆರಡಕ್ಕೆ ಇಳಿಸಿದರೆ ಅವಸರ ತಗ್ಗುವುದುಂಟು.

ಹೊಟ್ಟೆಗೆ ಸೀರೆ ಸುತ್ತುವುದರಿಂದ ಸೊಂಟಕ್ಕೆ ಆಸರೆ ಸಿಕ್ಕಂತೆನಿಸಬಹುದು. ಆದರೆ ಬಟ್ಟೆಯ ಕಟ್ಟು ಶ್ರೋಣಿತಳದ ಸ್ನಾಯುವನ್ನು ಬಲಗೊಳಿಸಲಾರದು. ಉಸಿರಾಡಲು ಕಷ್ಟವಾಗುವಷ್ಟು ಬಿಗಿದರೆ ಒಳಗಿನ ಒತ್ತಡವೆಲ್ಲ ಕೆಳಮುಖವಾಗುತ್ತದೆ, ಅದನ್ನು ತಪ್ಪಿಸಬೇಕು. ಮೈತೂಕ ಮಿತಿಮೀರಿದ್ದವರಿಗೆ ತೂಕ ಇಳಿಸುವುದೂ ಚಿಕಿತ್ಸೆಯೇ. ೨೦೦೯ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆಹಾರ ನಿಯಮ ಮತ್ತು ವ್ಯಾಯಾಮದಿಂದ ನೂರಕ್ಕೆ ೮ರಷ್ಟು ತೂಕ ಇಳಿಸಿಕೊಂಡ ಸ್ತ್ರೀಯರಲ್ಲಿ ವಾರದ ಸೋರಿಕೆಗಳು ಸುಮಾರು ಅರ್ಧಕ್ಕೆ ಇಳಿದವು. ಇದು ಬಾಣಂತನದ ಮೊದಲ ವಾರಗಳ ಮಾತಲ್ಲ. ತಾಯಿ ಚೇತರಿಸಿಕೊಂಡ ಮೇಲೆ ನಿಧಾನವಾಗಿ ಕೈಗೊಳ್ಳಬೇಕಾದ ಕೆಲಸ.

ಅವಸರದ ಸೋರಿಕೆಯಿರುವವರು ಮೂತ್ರಕೋಶಕ್ಕೆ ತಾಳ್ಮೆ ಕಲಿಸಬೇಕು. ಎಷ್ಟು ಹೊತ್ತಿಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದಾರೆಂಬುದನ್ನು ಮೂರು ದಿನ ಬರೆದಿಡಬೇಕು. ಗಂಟೆಗೊಮ್ಮೆಯಾದರೆ, ಅವಸರವಾದಾಗ ಓಡದೆ, ಕುಳಿತು ಸ್ನಾಯು ಬಿಗಿಹಿಡಿದು, ಗಮನವನ್ನು ಬೇರೆಡೆಗೆ ಹರಿಸಿ ಹತ್ತು ಹದಿನೈದು ನಿಮಿಷ ಮುಂದೂಡಬೇಕು. ಅದು ಹಿಡಿತಕ್ಕೆ ಬಂದ ಮೇಲೆ ಇನ್ನೂ ಹದಿನೈದು ನಿಮಿಷ. ಆರು ವಾರಗಳಲ್ಲಿ ಎರಡೂವರೆ ಮೂರು ಗಂಟೆಯ ಅಂತರ ತಲಪುವುದು ಗುರಿಯಾಗಿರಲಿ. ಎಲ್ಲಿಗೆ ಹೊರಡುವುದಿದ್ದರೂ ‘ಇರಲಿ, ಒಮ್ಮೆ ಹೋಗಿಬಿಡೋಣ’ ಎಂದು ಮತ್ತೆ ಮತ್ತೆ ಹೋಗುವ ಅಭ್ಯಾಸದಿಂದ ಮೂತ್ರಕೋಶ ಕಿರಿದರಲ್ಲೇ ತೃಪ್ತಿಪಡುವುದನ್ನು ಕಲಿಯುತ್ತದೆ.

ವೈದ್ಯರನ್ನು ಕಾಣುವುದು ಯಾವಾಗ?

ಮೊದಲ ವಾರಗಳ ಸೋರಿಕೆ ಅನೇಕರಲ್ಲಿ ತಾನಾಗಿ ಇಳಿಯುತ್ತದೆ. ಮೂರು ತಿಂಗಳಾದರೂ ಉಳಿದಿದ್ದರೆ ಮಾತ್ರ ‘ನೋಡೋಣ’ ಎಂದು ಕಾಯಬಾರದು. ಆ ಘಟ್ಟವನ್ನು ದಾಟಿದ ಸೋರಿಕೆ ಬಹುಮಂದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ; ಮೂತ್ರ ಕಟ್ಟಿಕೊಳ್ಳುವುದು; ಯೋನಿಯಲ್ಲಿ ಗೆಡ್ಡೆಯಂಥದು ಕೆಳಗಿಳಿದಂತಾಗುವುದು; ಕಾಲು ಅಥವಾ ಗುದದ ಸುತ್ತ ಜೋಮು ಹಿಡಿಯುವುದು; ಮಲದ ಹಿಡಿತವೂ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಮೂರು ತಿಂಗಳು ಕಾಯದೆ ಕೂಡಲೇ ತೋರಿಸಬೇಕು.

ಕೆಮ್ಮು ಅವಸರಗಳ ಸಂಬಂಧವಿಲ್ಲದೆ, ಮಲಗಿದರೂ ಎದ್ದರೂ, ಹಗಲೂ ರಾತ್ರಿಯೂ ಬಿಡದೆ ಸೋರುತ್ತಿದ್ದರೆ ಅದು ಬೇರೆಯೇ ವಿಷಯ. ಹೆರಿಗೆ ಮುಂದೆ ಸಾಗದೆ ದಿನಗಟ್ಟಲೆ ತಡೆದು ನಿಂತಾಗ, ಮಗುವಿನ ತಲೆಯ ಒತ್ತಡಕ್ಕೆ ಸಿಕ್ಕ ಭಾಗಕ್ಕೆ ರಕ್ತ ಸಂಚಾರ ನಿಂತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬೀಳುತ್ತದೆ. ಇದು ಫಿಸ್ಟುಲಾ. ಶಸ್ತ್ರಕ್ರಿಯೆಯ ವೇಳೆ ಗಾಯವಾಗಿಯೂ ಇದು ಉಂಟಾಗಬಹುದು. ವ್ಯಾಯಾಮದಿಂದ ಇದು ವಾಸಿಯಾಗದು; ಶಸ್ತ್ರಚಿಕಿತ್ಸೆಯಿಂದ ಬಹುಪಾಲು ವಾಸಿಯಾಗುತ್ತದೆ. ಇಥಿಯೋಪಿಯ ದೇಶದಲ್ಲಿ ಈ ವ್ಯಾಧಿಯ ದೆಸೆಯಿಂದ ಗಂಡನ ಮನೆಯಿಂದಲೂ ಊರಿನಿಂದಲೂ ದೂರವಾಗುತ್ತಿದ್ದ ಹೆಣ್ಣುಮಕ್ಕಳಿಗಾಗಿಯೇ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿಗಳು ೧೯೭೪ರಲ್ಲಿ ಅಡಿಸ್ ಅಬಾಬದಲ್ಲಿ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ಅಲ್ಲಿ ಗುಣಹೊಂದಿ ಮನೆಗೆ ಮರಳಿದವರು ಸಾವಿರಾರು ಮಂದಿ. ವಿಶ್ವಸಂಸ್ಥೆ ೨೦೧೩ರಿಂದ ಮೇ ೨೩ನ್ನು ಈ ವ್ಯಾಧಿಯ ನಿರ್ಮೂಲನಕ್ಕಾಗಿ ಮೀಸಲಿಟ್ಟಿದೆ.

ವ್ಯಾಯಾಮಕ್ಕೆ ಬಗ್ಗದಿದ್ದರೆ

ವೈದ್ಯರು ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ತಿಳಿದುಕೊಳ್ಳುತ್ತಾರೆ. ಸ್ನಾಯುವಿನ ಬಲವನ್ನು ಪರೀಕ್ಷಿಸುತ್ತಾರೆ. ಕೆಲವರಿಗೆ ಪೆಸರಿ ಎಂಬ ಸಿಲಿಕೋನಿನ ಬಳೆಯನ್ನು ಯೋನಿಯಲ್ಲಿ ಇರಿಸಿ ನಾಳಕ್ಕೆ ಆಸರೆ ಕೊಡುವುದುಂಟು. ಅವಸರದ ಸೋರಿಕೆಗೆ ಔಷಧಿಗಳಿವೆ. ಹಾಲೂಡುವ ತಾಯಿ ಅವನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು.

ಒತ್ತಡದ ಸೋರಿಕೆ ಬಲವಾಗಿದ್ದು ಯಾವುದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಇನ್ನು ಮಕ್ಕಳು ಬೇಡವೆಂದು ನಿರ್ಧರಿಸಿದ ಮೇಲೆ ಅದನ್ನು ಮಾಡಿಸುವುದು ವಾಡಿಕೆ. ಮತ್ತೆ ಹೆರಿಗೆಯಾದರೆ ಅದರ ಫಲ ಕೆಡಬಹುದು. ರೋಗಿಯ ದೇಹದಿಂದಲೇ ತೆಗೆದ ಪಟ್ಟಿಯನ್ನು ನಾಳದ ಕೆಳಗೆ ಜೋಲಿಯಂತೆ ಕಟ್ಟುವುದು ಒಂದು ವಿಧಾನ. ಕೃತಕ ನೂಲಿನ ಜಾಲರಿಪಟ್ಟಿಯನ್ನು ಇರಿಸುವುದು ೧೯೯೦ರ ದಶಕದಲ್ಲಿ ಬಂದ ಇನ್ನೊಂದು. ಎಷ್ಟೋ ಮಂದಿಗೆ ಇದರಿಂದ ಗುಣವಾಗಿದೆಯಾದರೂ, ಕೆಲವರಲ್ಲಿ ಪಟ್ಟಿ ಒಳಗೆ ಕೊರೆದು ತೀರದ ನೋವನ್ನುಂಟುಮಾಡಿದ್ದರಿಂದ ೨೦೧೮ರಲ್ಲಿ ಬ್ರಿಟನ್ನು ಅದರ ಬಳಕೆಗೆ ತಡೆ ಹಾಕಿತು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುಂಚೆ ಯಾವ ವಿಧಾನ, ಯಾವ ಪಟ್ಟಿ, ಏನು ಅಪಾಯ ಎಂದು ಕೇಳಿ ತಿಳಿಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಇನ್ನೊಂದು ಮಾತು: ‘ಗರ್ಭಕೋಶವನ್ನು ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ’ ಎಂಬ ನಂಬಿಕೆ ತಪ್ಪು. ಗರ್ಭಕೋಶವನ್ನು ತೆಗೆಯುವುದು ಮೂತ್ರ ಸೋರುವುದಕ್ಕೆ ಚಿಕಿತ್ಸೆಯಲ್ಲ.

ಮನೆಯವರ ಪಾಲು

ಈ ಚಿಕಿತ್ಸೆಗೆ ಹಣ ಬೇಕಾಗುವುದು ಅಲ್ಪ. ಬೇಕಾಗುವುದು ದಿನಕ್ಕೆ ಮೂರು ಸಲ ಐದೈದು ನಿಮಿಷಗಳ ಬಿಡುವು ಮತ್ತು ಮೂರು ತಿಂಗಳ ತಾಳ್ಮೆ. ಎಳೆಮಗುವಿನ ತಾಯಿಗೆ ಆ ಬಿಡುವು ಸಿಗಬೇಕಾದರೆ ಮನೆಯವರ ನೆರವು ಬೇಕು. ನೀರಿನ ಕೊಡ, ಒಗೆದ ಬಟ್ಟೆಯ ಬಕೆಟ್ಟು, ಅಡಿಗೆಯ ಅನಿಲದ ಸಿಲಿಂಡರು ಇವನ್ನು ಎತ್ತಿಡುವ ಕೆಲಸವನ್ನು ಪತಿಯೋ ಇತರರೋ ವಹಿಸಿಕೊಳ್ಳಬಹುದು. ಅತ್ತೆಗೂ ಅಮ್ಮನಿಗೂ ತಮ್ಮ ಕಾಲದಲ್ಲಿ ಇದೇ ತೊಂದರೆ ಇದ್ದಿರಬಹುದು, ಈಗಲೂ ಇರಬಹುದು. ವಯಸ್ಸಾದವರಿಗೂ ಈ ವ್ಯಾಯಾಮ ಫಲ ಕೊಡುತ್ತದೆ. ಸೊಸೆಯ ಜೊತೆಗೆ ಅವರೂ ಆರಂಭಿಸುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಹೆರಿಗೆಯಾದ ಆರು ವಾರಕ್ಕೆ ತಾಯಿಮಗುವನ್ನು ವೈದ್ಯರಿಗೆ ತೋರಿಸುವ ಪರಿಪಾಠ ನಗರಗಳಲ್ಲಿ ಈಗ ಬೆಳೆದಿದೆ. ಅಂದು ಮಗುವಿನ ತೂಕ, ಚುಚ್ಚುಮದ್ದು, ತಾಯಿಯ ಹೊಲಿಗೆ ಇವೆಲ್ಲ ವಿಚಾರಣೆಗೆ ಬರುತ್ತವೆ. ಎದ್ದು ಬರುವ ಮುಂಚೆ ‘ಕೆಮ್ಮಿದರೆ ಮೂತ್ರ ಸೋರುತ್ತದೆ, ಡಾಕ್ಟರೇ’ ಎಂಬ ಒಂದು ವಾಕ್ಯವನ್ನು ತಾಯಿ ಹೇಳಿಬಿಡಲಿ. ಆಕೆಗೆ ಸಂಕೋಚವಾದರೆ ಜೊತೆಗೆ ಹೋದವರು ಹೇಳಲಿ. ವೈದ್ಯರು ಈ ಮಾತನ್ನು ಎಷ್ಟೋ ತಾಯಂದಿರ ಬಾಯಿಂದ ಕೇಳಿರುತ್ತಾರೆ. ಮುಂದೇನು ಮಾಡಬೇಕೆಂಬುದು ಅವರಿಗೆ ತಿಳಿದಿರುತ್ತದೆ.